ವಿಮಾನ ಮಾದರಿಗೆ ಎಂಜಿನ್, ಟ್ಯಾಂಕ್ ತಪ್ಪಾಗಿ ಕೂರಿಸಿದ್ದರ ಬಗ್ಗೆ ದೂರು

ವ್ಯವಸ್ಥಾಪಕರಿಗೆ,

ಮಾನ್ಯರೇ,

ಫೋನಿನಲ್ಲಿ ಎಷ್ಟು ಸಮಾಧಾನವಾಗಿ ಕೇಳಿದರೂ "ಚೆಕ್ ಮಾಡಿ ಹೇಳ್ತೀವಿ ಸಾರ್" ಅನ್ನೋ ಮಾತು ಬಿಟ್ಟು ಬೇರೇನೂ ಬರಲಿಲ್ಲ. ಅದಕ್ಕೇ ಈ ಪತ್ರ.

ನನ್ನ ಮಗಳು ಎನ್‌ಸಿಸಿ ಏರ್ ವಿಂಗ್ ಕೆಡೆಟ್. ಬಾಲ್ಸಾ ಅನ್ನೋ ಹಗುರ ಮರದ ಟ್ರೈನರ್ (ಹಾರಿಸಲು ಕಲಿಯುವ ಮಾದರಿ) ವಿಮಾನವನ್ನು ಅವಳೇ ಕೂತು ಕಟ್ಟಿದಳು. ಪಾಯಿಂಟ್ 46 (0.46 ಘನ ಇಂಚಿನ) ಗ್ಲೋ ಎಂಜಿನ್ ಮತ್ತು ಇಂಧನದ ಟ್ಯಾಂಕ್ ಕೂರಿಸೋದಷ್ಟೇ ನಿಮ್ಮ ಕೆಲಸ. ಫಿಟ್ಟಿಂಗ್ ಚಾರ್ಜ್ ಮೊದಲೇ ಕಟ್ಟಿಸಿಕೊಂಡಿರಿ. ಹಾರಿಸಿದಾಗ ಟ್ಯಾಂಕ್ ಅರ್ಧ ಖಾಲಿಯಾಗುವ ಹೊತ್ತಿಗೆ ಎಂಜಿನ್ ನಿಂತುಹೋಯಿತು. ವಿಮಾನ ಹೊಲಕ್ಕೆ ಬಿದ್ದು ಮುಂದಿನ ಚಕ್ರ ಮುರಿಯಿತು, ರೆಕ್ಕೆ ಸೀಳಿತು.

ಬಿಚ್ಚಿ ನೋಡಿದೆವು. ಟ್ಯಾಂಕಿನ ನಡುಮಧ್ಯ ಕಾರ್ಬುರೇಟರಿನ ಸೂಜಿಯ (ಇಂಧನದ ಹರಿವು ಹೊಂದಿಸುವ ತಿರುಪು) ಮಟ್ಟಕ್ಕೆ ಇರಬೇಕು, ಇಲ್ಲವೇ ಒಂಚೂರು ಕೆಳಗೆ. ನೀವು ಕೂರಿಸಿದ್ದು ಒಂದಿಂಚು ಮೇಲೆ. ಸುತ್ತ ಸ್ಪಂಜು ಇಲ್ಲ. ಎಂಜಿನ್ ಅದುರಿದರೆ ಇಂಧನ ನೊರೆಯಾಗುತ್ತೆ ಅಂತ ನಿಮಗೆ ಹೇಳಿಕೊಡಬೇಕಾ? ಸೈಲೆನ್ಸರಿನಿಂದ ಟ್ಯಾಂಕಿಗೆ ಒತ್ತಡ ಕೊಡುವ ಪೈಪನ್ನು ಸಿಗಿಸಿಯೇ ಇಲ್ಲ. ಟ್ಯಾಂಕಿನೊಳಗೆ ಇಂಧನ ಹೀರುವ ಸಿಲಿಕೋನ್ ಪೈಪು ಉದ್ದವಾಗಿ, ಅದರ ತುದಿಯ ಲೋಹದ ಗುಂಡು ಹಿಂಗೋಡೆಯ ಮೇಲ್ಮೂಲೆಗೆ ಸಿಕ್ಕಿಕೊಂಡಿದೆ. ಇಂಧನ ಇಳಿದರೆ ಅದು ಹೀರೋದು ಬರೀ ಗಾಳಿ.

ಇದನ್ನೆಲ್ಲ ಹಿಡಿದು ಅಂಗಡಿಗೆ ಬಂದೆವು. ಕೌಂಟರಿನಲ್ಲಿದ್ದವರು ಮೊದಲು ಕೇಳಿದ್ದು, "ಹಾರಿಸಿದ್ದು ಯಾರು ಸಾರ್?" ಮಗಳು ಅಂದೆ. "ಹಾಗಾದ್ರೆ ಗೊತ್ತಾಯ್ತು ಬಿಡಿ" ಅಂತ ಪಕ್ಕದವರ ಮುಖ ನೋಡಿ ನಕ್ಕರು. ಅವಳು ಟ್ಯಾಂಕ್ ಮುಂದೆ ಚಾಚಿ, "ಅಣ್ಣ, ಅಲ್ಲಾಡಿಸಿ ನೋಡಿ. ಗುಂಡು ಟಕ್ ಟಕ್ ಅನ್ನಬೇಕು, ಅಲ್ವಾ?" ಅಂದಳು. ಕೈಗೇ ತಗೊಳ್ಳಲಿಲ್ಲ. "ಪುಟ್ಟಾ, ನೀನೇ ಸೂಜಿ ಜಾಸ್ತಿ ತಿರುಗಿಸಿ ಕೆಡಿಸಿರ್ತೀಯ" ಅಂದರು. ಅಷ್ಟರಲ್ಲಿ ಅವರಿಗೆ ಫೋನ್ ಬಂತು. ಮಾತು ಮುಗಿಯೋವರೆಗೂ ಅವಳು ಟ್ಯಾಂಕ್ ಚಾಚಿಕೊಂಡೇ ನಿಂತಿದ್ದಳು. ಗಿರಾಕಿಗಳೆಲ್ಲ ನೋಡುತ್ತಿದ್ದರು. ಆಮೇಲೆ ಬಿಲ್ಲನ್ನು ನಮ್ಮ ಕಡೆ ತಳ್ಳಿ, "ಕ್ರ್ಯಾಶ್ ಆದ್ಮೇಲೆ ವಾರಂಟಿ ಇಲ್ಲ, ಓದ್ಕೊಳ್ಳಿ" ಅಂದರು.

ಓದಿದ್ದೇವೆ. ಫಿಟ್ಟಿಂಗ್ ತಪ್ಪಾದರೆ ಹೊಣೆ ಯಾರದು ಅಂತ ಅದರ ಕೆಳಗಿನ ಸಾಲಿನಲ್ಲೇ ಇದೆ. ಬರೆದವರು ನೀವೇ.

ರಿಪೇರಿ ಮಾಡಿಕೊಡ್ತೀವಿ ಅಂತ ಈಗ ಹೇಳಬೇಡಿ, ಇನ್ನು ಅದನ್ನು ನಿಮ್ಮ ಕೈಗೆ ಕೊಡುವುದಿಲ್ಲ. ಫಿಟ್ಟಿಂಗ್ ಚಾರ್ಜ್ ಮತ್ತು ರೆಕ್ಕೆ, ಚಕ್ರದ ಖರ್ಚು ಈ ತಿಂಗಳೊಳಗೆ ಬರಬೇಕು. ಇಲ್ಲದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟು, ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಅಲ್ಲಿ ವಕೀಲರೇ ಬೇಕು ಅಂತೇನಿಲ್ಲ, ನಾನೇ ನಿಂತು ಮಾತಾಡುತ್ತೇನೆ. ಟ್ಯಾಂಕ್ ಹೇಗಿತ್ತೋ ಹಾಗೇ ತೆಗೆದಿಟ್ಟಿದ್ದೇನೆ, ಫೋಟೊಗಳೂ ಇವೆ. ದುಡ್ಡು ಕೊಟ್ಟರೂ, ಕೌಂಟರಿನಲ್ಲಿದ್ದವರು ನನ್ನ ಮಗಳ ಕ್ಷಮೆ ಕೇಳುವವರೆಗೂ ನಾನು ಇದನ್ನು ಬಿಡುವುದಿಲ್ಲ.

ಇಂತಿ,
ನಿಮ್ಮ ಗ್ರಾಹಕ