ಹಿನ್ನೀರಿನ ದಡದಲ್ಲಿ ಫ್ಲಾಟ್ ಕೊಳ್ಳುವ ಮೊದಲು

ನೀರ್ಚಾಲು, ಕಾಸರಗೋಡು

ಚಿ. ಸೌ. ಶ್ರೀಲತಾಳಿಗೆ ಸೋದರಮಾವನ ಆಶೀರ್ವಾದಗಳು.

ಎರ್ನಾಕುಳಂ ಮರೀನ್ ಡ್ರೈವಿನ ಫ್ಲಾಟಿನ ಫೋಟೋಗಳನ್ನು ನೋಡಿದೆ. ಒಂದು ಅಡುಗೆಮನೆಯದ್ದು ಬಿಟ್ಟರೆ ಉಳಿದವೆಲ್ಲ ಬಾಲ್ಕನಿಯಿಂದ ತೆಗೆದವು. ಕಾರು ನಿಲ್ಲಿಸುವ ತಳಮಹಡಿ, ನೀರಿನ ಸಂಪು, ಜನರೇಟರ್ ಇಟ್ಟ ಕೋಣೆ, ಹಿಂಬದಿಯ ಚರಂಡಿ ಯಾವುದೂ ಇಲ್ಲ. ನೀರಿನ ಬದಿಯ ಕಟ್ಟಡ ಕೆಡಲು ಶುರುವಾಗುವುದು ಅಲ್ಲಿಂದಲೇ. ಆದ್ದರಿಂದ ಇನ್ನೊಮ್ಮೆ ಹೋಗುವಾಗ ಲಿಫ್ಟ್ ಹತ್ತುವ ಮೊದಲು ಕೆಳಗೆ ಒಂದು ಗಂಟೆ ಕಳೆಯಿರಿ. ನಿಮ್ಮ ಮನಸ್ಸಿನಲ್ಲಿರುವ ಎರಡನೆಯದು, ಕುಂಡನ್ನೂರಿನ ಕಡೆ ಇನ್ನೂ ಕಟ್ಟುತ್ತಿರುವ ಕಟ್ಟಡ. ಅದಕ್ಕೆ ಬೇರೆ ಎಚ್ಚರಗಳು ಬೇಕು. ಎರಡರ ಬಗ್ಗೆಯೂ ಬರೆಯುತ್ತೇನೆ.

ಮೊದಲು ಕಾಗದ. ಕುಂಡನ್ನೂರಿನ ಹೆಸರು ಬಂದ ಮೇಲೆ, ಅದು ಸೇರಿದ ಮರಡು ಪಟ್ಟಣದ ಮಾತು ಬಿಡುವ ಹಾಗಿಲ್ಲ. 2019ರ ಮೇ 8ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಅಲ್ಲಿನ ನಾಲ್ಕು ವಸತಿ ಸಮುಚ್ಚಯಗಳನ್ನು 2020ರ ಜನವರಿ 11 ಮತ್ತು 12ರಂದು ಸ್ಫೋಟಕ ಇಟ್ಟು ಉರುಳಿಸಿದರು. ಕೊಂಡವರ ಕೈಯಲ್ಲಿ ನೋಂದಣಿಯಾದ ಆಧಾರ (ಕ್ರಯಪತ್ರ) ಇತ್ತು, ಕಟ್ಟಡ ನಂಬರ್ ಇತ್ತು, ತೆರಿಗೆಯ ರಶೀದಿ ಇತ್ತು. ಬ್ಯಾಂಕುಗಳು ಸಾಲವನ್ನೂ ಕೊಟ್ಟಿದ್ದವು. ಸ್ಥಳೀಯ ಪಂಚಾಯತಿನ ಪರ್ಮಿಟ್ ಕೂಡ ಇತ್ತು. ಇಲ್ಲದಿದ್ದುದು ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರದ ಒಪ್ಪಿಗೆ. ಕೋರ್ಟು ಆಗ ಹೇಳಿದ ಮಧ್ಯಂತರ ಪರಿಹಾರ ಫ್ಲಾಟೊಂದಕ್ಕೆ 25 ಲಕ್ಷ. ‘ಬ್ಯಾಂಕಿನವರೇ ಸಾಲ ಕೊಡುತ್ತಾರೆ, ಮತ್ತೇನು ಹೆದರಿಕೆ’ ಎಂದು ಏಜೆಂಟ್ ಹೇಳಿದರೆ ಇದನ್ನು ನೆನಪು ಮಾಡಿಕೊಡು. ಬ್ಯಾಂಕಿನ ವಕೀಲರು ನೋಡುವುದು ಬ್ಯಾಂಕಿನ ಹಣ ಮರಳಿ ಬರುತ್ತದೆಯೇ ಎಂದು. ಕಟ್ಟಡ ಹೋದರೂ ಕಂತು ಕಟ್ಟಬೇಕಾದವರು ನೀವು.

ಲೆಕ್ಕ ಹೀಗೆ. ಕರಾವಳಿ ನಿಯಂತ್ರಣ ವಲಯದ 2011ರ ಅಧಿಸೂಚನೆಯ ಪ್ರಕಾರ ಉಬ್ಬರ ತಲುಪುವ ನದಿ, ಹಿನ್ನೀರುಗಳ ದಡದಲ್ಲಿ ಗರಿಷ್ಠ ಉಬ್ಬರ ರೇಖೆಯಿಂದ 100 ಮೀಟರ್ ಅಥವಾ ಆ ನೀರಿನ ಅಗಲ, ಯಾವುದು ಕಡಿಮೆಯೋ ಅಷ್ಟು ದೂರ ನಿಯಂತ್ರಣಕ್ಕೆ ಒಳಪಟ್ಟದ್ದು. 2019ರ ಅಧಿಸೂಚನೆಯಲ್ಲಿ ಆ 100 ಇಳಿದು 50 ಆಯಿತು. ಅದರಂತೆ ಮಾಡಿದ ಕೇರಳದ ಹೊಸ ಕರಾವಳಿ ವಲಯ ನಕ್ಷೆಗೆ ಕೇಂದ್ರದ ಒಪ್ಪಿಗೆ ಸಿಕ್ಕಿದ್ದು 2024ರಲ್ಲಿ. ಆ ಅಳತೆಯೊಳಗೆ ಇದ್ದ ಮಾತ್ರಕ್ಕೆ ಕಟ್ಟಡ ಅಕ್ರಮವಲ್ಲ. ಪೇಟೆಯ ಭಾಗದಲ್ಲಿ, ಮೊದಲೇ ಇದ್ದ ರಸ್ತೆ ಅಥವಾ ಅಧಿಕೃತ ಕಟ್ಟಡಗಳ ಸಾಲಿನಿಂದ ಭೂಮಿಯ ಬದಿಗೆ ಕಟ್ಟಲು ಅವಕಾಶ ಇದೆ. ನೀನು ಕೇಳಬೇಕಾದ್ದು ಮೂರು: ಪರ್ಮಿಟ್ ಕೊಟ್ಟ ದಿನಾಂಕಕ್ಕೆ ಯಾವ ಅಧಿಸೂಚನೆ ಜಾರಿಯಲ್ಲಿತ್ತು, ಆ ಜಾಗ ಯಾವ ವರ್ಗದ್ದು, ಪ್ರಾಧಿಕಾರದ ಪತ್ರದಲ್ಲಿರುವ ಸರ್ವೆ ನಂಬರೂ ಆಧಾರದಲ್ಲಿರುವ ಸರ್ವೆ ನಂಬರೂ ಒಂದೇಯೋ. ಮೂರನೆಯದರಲ್ಲಿ ಜನ ಎಡವುತ್ತಾರೆ. ಜಾಗ ಎರಡು ಮೂರು ತುಂಡು ಸೇರಿ ಆಗಿದ್ದರೆ ಒಪ್ಪಿಗೆ ಒಂದು ತುಂಡಿಗೆ ಮಾತ್ರ ಇರಬಹುದು, ಕಟ್ಟಡ ಎಲ್ಲದರ ಮೇಲೂ ನಿಂತಿರಬಹುದು.

ಜಾಗದ ಕಾಗದಗಳು ನಮ್ಮ ಊರಿನ ಕ್ರಮದವೇ. ಆಧಾರ, ಮುನ್ನಾಧಾರ (ಹಿಂದಿನ ಕ್ರಯಪತ್ರ), ಪೋಕ್ಕುವರವ್ (ಖಾತೆ ಬದಲಾವಣೆ) ಆಗಿ ತಂಡಪ್ಪೇರ್ (ತೀರ್ವೆಯ ಖಾತೆ ನಂಬರ್) ಬಂದದ್ದು, ಈ ವರ್ಷದ ತೀರ್ವೆ ರಶೀದಿ, ಕೈವಶ ಸರ್ಟಿಫಿಕೇಟ್, ಮೂವತ್ತು ವರ್ಷದ ಕುಡಿಕ್ಕಡ (ಋಣಭಾರ) ಸರ್ಟಿಫಿಕೇಟ್. ವಿಲೇಜ್ ಆಫೀಸಿನ ಮೂಲ ತೆರಿಗೆ ಪುಸ್ತಕವಾದ ಬಿಟಿಆರ್‌ನಲ್ಲಿ ಜಾಗ ‘ಪುರಯಿಡಂ’, ಅಂದರೆ ಮನೆ ಕಟ್ಟುವ ಒಣಜಾಗ, ಎಂದಿರಬೇಕು. ‘ನಿಲಂ’ ಎಂದಿದ್ದರೆ ಅದು ದಾಖಲೆಯಲ್ಲಿ ಇನ್ನೂ ಗದ್ದೆಯೇ. 2008ರ ಗದ್ದೆ ಮತ್ತು ತೇವಭೂಮಿ ಕಾಯಿದೆಯಡಿ ಪರಿವರ್ತನೆಯ ಆದೇಶ ತೋರಿಸಬೇಕು, ಗದ್ದೆ, ತೇವಭೂಮಿಗಳ ಸರ್ಕಾರಿ ಪಟ್ಟಿಯಾದ ಡೇಟಾ ಬ್ಯಾಂಕಿನಲ್ಲಿ ಸೇರಿಲ್ಲವೆಂದೂ ಖಚಿತವಾಗಬೇಕು. ಹಿನ್ನೀರಿನ ಬದಿಯಲ್ಲಿ ಮಣ್ಣು ತುಂಬಿಸಿ ಮಾಡಿದ ಜಾಗ ಬಹಳ. ಫ್ಲಾಟಿನ ಜೊತೆ ನಿನ್ನ ಹೆಸರಿಗೆ ಬರುವ ಅವಿಭಜಿತ ಭೂಭಾಗ ಎಷ್ಟು ಸೆಂಟ್ಸ್ ಎಂದು ಆಧಾರದಲ್ಲಿ ನೋಡು. ಎಲ್ಲ ಫ್ಲಾಟುಗಳ ಪಾಲು ಕೂಡಿದರೆ ಒಟ್ಟು ಜಾಗಕ್ಕೆ ಸರಿಹೋಗಬೇಕು. ಹೋಗದಿದ್ದರೆ ಉಳಿದ ಪಾಲು ಯಾರದ್ದು ಎಂದು ಕೇಳಬೇಕು, ಏಕೆಂದರೆ ಆ ಪಾಲು ಇಟ್ಟುಕೊಂಡವರು ನಾಳೆ ನಿನ್ನ ಬಾಲ್ಕನಿಯ ಎದುರೇ ಇನ್ನೊಂದು ಕಟ್ಟಡ ಎಬ್ಬಿಸಲು ನೋಡಬಹುದು. ಅಂದ ಹಾಗೆ, ಬಾಲ್ಕನಿಯ ನೋಟ ಯಾವ ಆಧಾರದಲ್ಲೂ ಬರೆದಿರುವುದಿಲ್ಲ. ಅದಕ್ಕೆಂದು ಹೆಚ್ಚಿಗೆ ಕೊಡುವ ಲಕ್ಷಗಳಿಗೆ ಯಾರ ಹೊಣೆಯೂ ಇಲ್ಲ.

ಮರೀನ್ ಡ್ರೈವಿನ ಫ್ಲಾಟಿನ ಯಜಮಾನರು ದುಬೈಯಲ್ಲಿ ಇದ್ದಾರೆ ಎಂದು ಬರೆದಿದ್ದಿ. ಹಾಗಾದರೆ ಎರಡು ಹೆಚ್ಚಿನ ಕೆಲಸ. ಇಲ್ಲಿ ಸಹಿ ಹಾಕುವವರ ಮುಖ್ತಿಯಾರು ಪತ್ರ ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕೃತವಾಗಿ, ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಕಟ್ಟಿದ್ದಾಗಿರಬೇಕು. ಮಾರುವ ಅಧಿಕಾರವನ್ನೂ ಹಣ ಪಡೆಯುವ ಅಧಿಕಾರವನ್ನೂ ಅದರಲ್ಲಿ ಬೇರೆಬೇರೆಯಾಗಿ ಬರೆದಿರಬೇಕು. ಎರಡನೆಯ ಕೆಲಸ ತೆರಿಗೆಯದ್ದು. ಮಾರುವವರು ಇಲ್ಲಿನ ನಿವಾಸಿಯಾಗಿದ್ದರೆ 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನ ಬೆಲೆಗೆ ಕೊಳ್ಳುವವರು 1% ಹಿಡಿದು, ಆ ತಿಂಗಳು ಮುಗಿದ 30 ದಿನದೊಳಗೆ ಸರ್ಕಾರಕ್ಕೆ ಕಟ್ಟಿದರೆ ಆಯಿತು. ಅನಿವಾಸಿಯಾಗಿದ್ದರೆ ಈ 1% ನಡೆಯುವುದಿಲ್ಲ, ಹಿಡಿಯಬೇಕಾದ್ದು ತುಂಬ ಹೆಚ್ಚು. ಹಿಡಿಯದೆ ಬಿಟ್ಟರೆ ಇಲಾಖೆ ಕೇಳುವುದು ದುಬೈಯವರನ್ನಲ್ಲ, ನಿನ್ನನ್ನು. ಅಡ್ವಾನ್ಸ್ ಕೊಡುವ ಮೊದಲೇ ಚಾರ್ಟರ್ಡ್ ಅಕೌಂಟೆಂಟರ ಹತ್ತಿರ ಕೂತು ಮೊತ್ತ ಬರೆಸಿಕೋ.

ಹಣದ ಲೆಕ್ಕ. ಅವರು ಹೇಳಿದ ಬೆಲೆ 1.20 ಕೋಟಿ, 1800 ಚದರಡಿ. ಈ 1800ರಲ್ಲಿ ಮೆಟ್ಟಿಲು, ಲಿಫ್ಟ್, ಮೊಗಸಾಲೆ ಎಲ್ಲ ಸೇರಿದೆ. ಟೇಪು ಹಿಡಿದು ಒಳಗಿನ ಕಾರ್ಪೆಟ್ ಅಳತೆ ತೆಗೆಯಿರಿ. ಅದು 1250 ಬಂದರೆ ನೀವು ಕೊಡುವುದು ಅಡಿಗೆ 6,667 ಅಲ್ಲ, 9,600. ಬೇರೆ ಕಟ್ಟಡಗಳ ಜೊತೆ ಹೋಲಿಸುವುದಾದರೆ ಈ ಲೆಕ್ಕದಲ್ಲೇ ಹೋಲಿಸು. 75 ಲಕ್ಷಕ್ಕೆ ಮೀರಿದ ಸಾಲಕ್ಕೆ ಬ್ಯಾಂಕು ಬೆಲೆಯ 75% ಮಾತ್ರ ಕೊಡಬಹುದು, ಅಂದರೆ 90 ಲಕ್ಷ. ಉಳಿದ 30 ಲಕ್ಷ ನಿಮ್ಮದು. ಕೇರಳದಲ್ಲಿ ಮುದ್ರಾಂಕ 8%, ನೋಂದಣಿ 2%, ಒಟ್ಟು 12 ಲಕ್ಷ. ಇದನ್ನು ಬ್ಯಾಂಕು ಬೆಲೆಯಲ್ಲಿ ಸೇರಿಸಿಕೊಳ್ಳುವುದಿಲ್ಲ. ಹೀಗೆ 42 ಲಕ್ಷ ಕೈಯಲ್ಲಿ ಇಲ್ಲದೆ ಮುಂದೆ ಹೋಗಬೇಡಿ. ಸುಣ್ಣಬಣ್ಣ, ಪೈಪು, ಕಿಟಕಿ ರಿಪೇರಿಗೆ ಇದರ ಮೇಲೆ ಬೇರೆ ಇರಬೇಕು. ಅಳಿಯಂದಿರು ಚಿನ್ನ ಅಡವಿಡುವ ಯೋಚನೆಯಲ್ಲಿದ್ದಾರೆಂದು ಅಕ್ಕ ಹೇಳಿದಳು. ಮನೆಸಾಲದ ಮೇಲೆ ಚಿನ್ನದ ಸಾಲವನ್ನೂ ಹೊತ್ತು ಆ ಮನೆಗೆ ಹೋಗಬಾರದು, ಇನ್ನೆರಡು ವರ್ಷ ಬಾಡಿಗೆಗೆ ಇರುವುದೇ ವಾಸಿ.

ಹೊಸ ಕಟ್ಟಡದ ಮಾತು ಬೇರೆ. ರೇರಾದಲ್ಲಿ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ, ನೋಂದಣಿಯಾಗಿರಬೇಕು. ಬೆಲೆಯ 10%ಕ್ಕಿಂತ ಹೆಚ್ಚು ಪಡೆಯುವ ಮೊದಲು ಕರಾರನ್ನು ನೋಂದಾಯಿಸಲೇಬೇಕೆಂದು ಕಾನೂನು ಹೇಳುತ್ತದೆ. ಪೂರ್ಣಗೊಂಡ ಸರ್ಟಿಫಿಕೇಟ್ ಬರುವ ಮೊದಲು ಕೊಂಡರೆ ಸಾಮಾನ್ಯವಾಗಿ 5% ಜಿಎಸ್‌ಟಿ ಸೇರುತ್ತದೆ, ಬಂದ ಮೇಲೆ ಇಲ್ಲ. ಕಟ್ಟಡದ ರಚನೆಯ ದೋಷಗಳಿಗೆ ಐದು ವರ್ಷ ಬಿಲ್ಡರ್ ಹೊಣೆ. ಹಸ್ತಾಂತರದ ದಿನಾಂಕ ಬರೆದ ಪತ್ರವನ್ನು ಜೋಪಾನ ಮಾಡಿಡು, ಐದು ವರ್ಷ ಎಣಿಸುವುದು ಅಲ್ಲಿಂದ.

ಈಗ ತಳಮಹಡಿಗೆ ಹೋಗೋಣ. ಟಾರ್ಚ್ ತೆಗೆದುಕೊಂಡು ಸ್ಲ್ಯಾಬಿನ ಅಡಿಭಾಗ, ತೊಲೆಯ ಮೂಲೆ, ಕಂಬದ ಬುಡ ನೋಡು. ಕಂದು ಬಣ್ಣದ ನೇರ ಗೆರೆ, ಉಬ್ಬಿದ ಗಾರೆ, ಬಡಿದರೆ ಟೊಳ್ಳು ಸದ್ದು: ಇವು ಒಳಗಿನ ಕಬ್ಬಿಣ ತುಕ್ಕು ಹಿಡಿದ ಗುರುತು. ಉಪ್ಪುಗಾಳಿಯ ಕ್ಲೋರೈಡ್ ಕಾಂಕ್ರೀಟಿನೊಳಗೆ ನಿಧಾನಕ್ಕೆ ಇಳಿದು ಸರಳನ್ನು ಮುಟ್ಟುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಕೆಲವು ಪಟ್ಟು ಹೆಚ್ಚು ಜಾಗ ಬೇಕು, ಆ ಒತ್ತಡಕ್ಕೆ ಕಾಂಕ್ರೀಟು ಸಿಡಿಯುತ್ತದೆ. ಸಿಡಿದ ಬಿರುಕಿನಿಂದ ಇನ್ನಷ್ಟು ಉಪ್ಪುನೀರು. ಹೊಸ ಪೈಂಟ್ ಹೊಡೆದು ಇದನ್ನು ಮುಚ್ಚಿಡಬಹುದು, ನಿಲ್ಲಿಸಲು ಆಗದು. ಕರಾವಳಿಯ ಗಾಳಿಗೆ ತೆರೆದ ಕಾಂಕ್ರೀಟಿಗೆ ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಹೇಳುವುದು ಕನಿಷ್ಠ ಎಂ30 ದರ್ಜೆ, ಸರಳಿನ ಮೇಲೆ 45 ಮಿಲಿಮೀಟರ್ ಹೊದಿಕೆ. ಸಜ್ಜಾದ ಅಂಚಿನಲ್ಲಿ ಹೊದಿಕೆ ಬಹಳ ಕಡಿಮೆ ಇರುತ್ತದೆ, ಮೊದಲು ಸಿಡಿಯುವುದೂ ಅಲ್ಲೇ. ಪಡುದಿಕ್ಕಿನ ಸಜ್ಜಾಗಳನ್ನು ಕೆಳಗಿನಿಂದ ಒಂದೊಂದಾಗಿ ನೋಡುತ್ತಾ ಹೋಗು. ಹದಿನೈದು ವರ್ಷ ದಾಟಿದ ಕಟ್ಟಡವಾದರೆ ಸ್ಟ್ರಕ್ಚರಲ್ ಇಂಜಿನಿಯರನ್ನು ಕರೆದುಕೊಂಡು ಹೋಗಿ ಹೊದಿಕೆ ಅಳೆಯುವ ಕವರ್ ಮೀಟರ್ ಪರೀಕ್ಷೆ, ಒಳಗಿನ ತುಕ್ಕಿನ ಸುಳಿವು ಕೊಡುವ ಹಾಫ್ ಸೆಲ್ ಪರೀಕ್ಷೆ ಮಾಡಿಸು. ಕೋಟಿ ಕೊಡುವ ಕಡೆ ಆ ಶುಲ್ಕಕ್ಕೆ ಲೋಭ ಮಾಡಬಾರದು.

ನಮ್ಮಲ್ಲಿ ಎರಡು ಅಡಿ ಅಗೆದರೆ ಮುರಕಲ್ಲು ಸಿಗುತ್ತದೆ, ಕೊಚ್ಚಿಯ ದಡದಲ್ಲಿ ಸಿಗುವುದು ಮೆತ್ತಗಿನ ಜೇಡಿ. ಅದಕ್ಕೇ ದೊಡ್ಡ ಕಟ್ಟಡಗಳನ್ನು ಆಳದ ಪೈಲಿನ ಮೇಲೆ ನಿಲ್ಲಿಸುತ್ತಾರೆ. ಪೈಲಿನ ಮೇಲಿನ ಕಟ್ಟಡ ಸಾಮಾನ್ಯವಾಗಿ ಕುಸಿಯುವುದಿಲ್ಲ. ಸುತ್ತಲಿನ ತುಂಬಿಸಿದ ಅಂಗಳ ಕುಸಿಯುತ್ತಾ ಹೋಗುತ್ತದೆ. ಹಾಗಾಗಿ ಎರಡೂ ಕೂಡುವ ಗೆರೆಯಲ್ಲಿ ನೀರಿನ ಪೈಪು, ಶೌಚದ ಪೈಪುಗಳ ಜಾಯಿಂಟು ಮುರಿಯುತ್ತದೆ. ಕಟ್ಟಡದ ಬುಡದಲ್ಲಿ ಇತ್ತೀಚೆಗೆ ಸಿಮೆಂಟ್ ಹಾಕಿ ಏರಿಸಿದ ಇಳಿಜಾರು, ಮೆಟ್ಟಿಲಿಗೂ ನೆಲಕ್ಕೂ ನಡುವೆ ಸಂದು ಕಂಡರೆ ಪೈಪುಗಳನ್ನು ಎಷ್ಟು ಸಲ ಬದಲಿಸಿದ್ದಾರೆ ಎಂದು ವಾಚ್‌ಮನ್‌ನನ್ನು ಕೇಳು. ಅಸೋಸಿಯೇಶನ್ ಕಾರ್ಯದರ್ಶಿಗಿಂತ ಅವನಿಗೆ ಹೆಚ್ಚು ಗೊತ್ತಿರುತ್ತದೆ.

ನೆಲದಡಿಯ ಸಂಪು ಬಿರುಕು ಬಿಟ್ಟರೆ ಉಬ್ಬರದ ಹೊತ್ತಿಗೆ ಉಪ್ಪುನೀರು ಒಳಗೆ ಬರುತ್ತದೆ. ನೀರಿನಲ್ಲಿ ಕರಗಿದ ಲವಣ ಅಳೆಯುವ ಒಂದು ಟಿಡಿಎಸ್ ಮೀಟರ್ ಕೊಂಡು ಒಂದೇ ದಿನ ಉಬ್ಬರದಲ್ಲಿ ಒಮ್ಮೆ, ಇಳಿತದಲ್ಲಿ ಒಮ್ಮೆ ಸಂಪಿನ ನೀರನ್ನು ಅಳೆ. ಕುಡಿಯುವ ನೀರಿಗೆ ಮಾನಕ ಹೇಳುವ ಮಿತಿ ಲೀಟರಿಗೆ 500 ಮಿಲಿಗ್ರಾಂ. ಅಳತೆ ಉಬ್ಬರದ ಜೊತೆ ಏರಿ ಇಳಿದರೆ ಸಂಪು ಸೋರುತ್ತಿದೆ ಎಂದೇ ಅರ್ಥ. ಟ್ಯಾಂಕರ್ ನೀರು ಬೆರೆತಿದ್ದರೆ ಲೆಕ್ಕ ತಪ್ಪಬಹುದು, ಟ್ಯಾಂಕರ್ ಬಾರದ ದಿನ ಅಳೆಯುವುದು ಒಳ್ಳೆಯದು. ಜನರೇಟರ್, ವಿದ್ಯುತ್ ಪ್ಯಾನೆಲ್ ರಸ್ತೆಯ ಮಟ್ಟಕ್ಕಿಂತ ಮೇಲೆ ಇದೆಯೇ ನೋಡು. ಅವು ತಗ್ಗಿನಲ್ಲಿದ್ದು ನೀರು ನುಗ್ಗಿದರೆ ಹನ್ನೊಂದನೇ ಮಹಡಿಯಲ್ಲಿ ಲಿಫ್ಟೂ ಇಲ್ಲ, ಪಂಪೂ ಇಲ್ಲ. ಅಕ್ಕ ಮೊಣಕಾಲು ನೋವಿನವಳು, ನಿಮ್ಮಲ್ಲಿಗೆ ಬಂದು ಇರಬೇಕಾದವಳು ಎಂಬುದೂ ಲೆಕ್ಕದಲ್ಲಿರಲಿ. ಕೊಚ್ಚಿಯ ಹೆಚ್ಚಿನ ಭಾಗಕ್ಕೆ ಒಳಚರಂಡಿ ಇಲ್ಲದ ಕಾರಣ ಕಟ್ಟಡದ್ದೇ ಕೊಳಚೆ ಶುದ್ಧೀಕರಣ ಘಟಕ ಇರಬೇಕು. ಅದು ನಿಜವಾಗಿ ಓಡುತ್ತಿದೆಯೋ, ಕರೆಂಟಿನ ಮೀಟರಿಗೆ ಹೆದರಿ ನಿಲ್ಲಿಸಿ ಇಟ್ಟಿದ್ದಾರೋ ಎನ್ನುವುದು ವಾಸನೆಯಲ್ಲೇ ಗೊತ್ತಾಗುತ್ತದೆ.

ಜಾಗ ನೋಡಲು ಹೋಗುವ ದಿನವನ್ನು ಏಜೆಂಟನ ಅನುಕೂಲಕ್ಕೆ ಬಿಡದೆ ಪಂಚಾಂಗ ನೋಡಿ ನೀನೇ ಆರಿಸು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಭರತ ಜೋರು. ಕೊಚ್ಚಿಯ ದ್ವೀಪಗಳಲ್ಲೂ ತಗ್ಗಿನ ದಡಗಳಲ್ಲೂ ನವೆಂಬರಿನ ನಂತರದ ತಿಂಗಳುಗಳಲ್ಲಿ, ಮಳೆ ಇಲ್ಲದೆಯೂ, ಮನೆಯಂಗಳಕ್ಕೆ ನೀರು ಬರುತ್ತದೆ. ಮಳೆಗಾಲದ ಕಾಟ ಇನ್ನೊಂದು ರೀತಿ: ಪೇಟೆಯ ತೋಡುಗಳೆಲ್ಲ ಹಿನ್ನೀರಿಗೇ ಬೀಳುವುದರಿಂದ ಉಬ್ಬರ ಇರುವಾಗ ದೊಡ್ಡ ಮಳೆ ಬಂದರೆ ನೀರು ಹೊರಗೆ ಹೋಗದೆ ರಸ್ತೆಯಲ್ಲೇ ನಿಲ್ಲುತ್ತದೆ. ಜೂನಿನಲ್ಲಿ ಒಂದು ಸಲ ಮಳೆ ಸುರಿಯುವಾಗಲೇ ಹೋಗು. ಪಡುಗಾಳಿಗೆ ಮಳೆ ಅಡ್ಡಡ್ಡ ಹೊಡೆದು ಜಾರುಕಿಟಕಿಯ ಹಳಿಯಲ್ಲಿ ತುಂಬುತ್ತದೆ. ಹಳಿಯ ತೂತುಗಳು ಕಟ್ಟಿದ್ದರೆ ಅದೇ ನೀರು ಕೋಣೆಗೆ. ಮತ್ತೊಂದು ಸಲ ಭಾನುವಾರ ಸಂಜೆ, ಮರೀನ್ ಡ್ರೈವಿನ ವಾಕ್‌ವೇಯಲ್ಲಿ ಜನ ಕಿಕ್ಕಿರಿಯುವಾಗ, ಕಾರು ಒಳಗೆ ತರಲು ಎಷ್ಟು ಹೊತ್ತು ಹಿಡಿಯುತ್ತದೆಂದು ನೋಡಲು.

ಇರಲು ಹೋದ ಮೇಲಿನ ಖರ್ಚು ನಮ್ಮೂರಿನ ಮನೆಯಂತಲ್ಲ. ಬಾಲ್ಕನಿಯ ಕಂಬಿ 304 ಸ್ಟೀಲಿನದ್ದಾದರೆ ಕಂದು ಕಲೆ ಬೀಳುತ್ತದೆ, 316 ಕೇಳಿ ಹಾಕಿಸು. ಕಿಟಕಿ ಯುಪಿವಿಸಿ ಆದರೂ ಸ್ಕ್ರೂ ಕಬ್ಬಿಣದ್ದಾದರೆ ಪ್ರಯೋಜನವಿಲ್ಲ. ಎಸಿಯ ಹೊರಗಿನ ಯಂತ್ರವನ್ನು ಪಡುಗಾಳಿಗೆ ನೇರ ಇಡಬೇಡ, ಆಗಾಗ ಸಿಹಿನೀರಿನಲ್ಲಿ ತೊಳೆಸು. ಅಸೋಸಿಯೇಶನ್ನಿನ ಮೂರು ವರ್ಷದ ಲೆಕ್ಕ ತರಿಸಿ ಓದು. ತಿಂಗಳ ಮೇಂಟೆನೆನ್ಸ್ ಕಡಿಮೆ ಎಂದು ಹಿಗ್ಗುವುದಕ್ಕಿಂತ ಮೂಲನಿಧಿಯಲ್ಲಿ ಹೊರಗೋಡೆಯ ರಿಪೇರಿಗೂ ಲಿಫ್ಟಿಗೂ ಹಣ ಇದೆಯೋ ಎಂಬುದು ಮುಖ್ಯ. ಇಲ್ಲದಿದ್ದರೆ ನೀವು ಹೋದ ವರ್ಷವೇ ತಲೆಗಿಷ್ಟು ಎಂದು ಲಕ್ಷದ ಲೆಕ್ಕದಲ್ಲಿ ಎತ್ತುತ್ತಾರೆ. ಹಿಂದಿನವರ ಬಾಕಿ ಇಲ್ಲ ಎಂಬ ಪತ್ರವನ್ನೂ, ಕಾರಿನ ಜಾಗದ ನಂಬರನ್ನೂ ಬರಹದಲ್ಲೇ ತೆಗೆದುಕೋ. ವಿಮೆಯಲ್ಲಿ ಪ್ರವಾಹ ಸೇರಿದೆಯೇ ಎಂದು ಪಾಲಿಸಿಯ ಪುಟ ತಿರುಗಿಸಿ ನೋಡು, ಬಾಯಿಮಾತು ಸಾಲದು.

ಸದ್ಯಕ್ಕೆ ಟೋಕನ್ ಅಡ್ವಾನ್ಸ್ ಏನೂ ಕೊಡಬೇಡಿ. ಆಧಾರ, ಮುನ್ನಾಧಾರ, ಪರ್ಮಿಟ್, ಆಕ್ಯುಪೆನ್ಸಿ ಸರ್ಟಿಫಿಕೇಟ್, ಪ್ರಾಧಿಕಾರದ ಪತ್ರ, ದುಬೈಯ ಮುಖ್ತಿಯಾರು ಪತ್ರ ಇಷ್ಟನ್ನೂ ಸ್ಕ್ಯಾನ್ ಮಾಡಿ ಕಳುಹಿಸು. ಹಿಂಬದಿಯ ಪುಟಗಳೂ ಬೇಕು, ಸೀಲು ಮತ್ತು ಷರಾ ಇರುವುದು ಅಲ್ಲೇ. ಕರಾರಿನ ಕರಡು ಮಲಯಾಳದಲ್ಲಿದ್ದರೆ ಹಾಗೆಯೇ ಕಳುಹಿಸು, ನಾನು ಓದಿಕೊಳ್ಳುತ್ತೇನೆ. ಅಕ್ಕನಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ.

ಇತಿ,
ನಿನ್ನ ಸೋದರಮಾವ