ಡಿಸೆಂಬರ್ 9 ಕೂಡ ನೆನಪಿರಲಿ

ಮಾನ್ಯರೇ,

ಪ್ರತಿವರ್ಷ ಡಿಸೆಂಬರ್ 4ರ ನೌಕಾಪಡೆ ದಿನಾಚರಣೆಯ ವರದಿಗಳಲ್ಲಿ 1971ರ ಕರಾಚಿ ದಾಳಿಯನ್ನೂ, ಅದನ್ನು ನಡೆಸಿದ ನಿಪಾತ್, ನಿರ್ಘಾತ್, ವೀರ್ ಎಂಬ ಕ್ಷಿಪಣಿ ದೋಣಿಗಳ ಸಾಹಸವನ್ನೂ ಓದುವಾಗ, ಆಗ ಯುದ್ಧನೌಕೆಯೊಂದರ ಎಂಜಿನ್ ಕೋಣೆಯಲ್ಲಿ ಕೆಲಸಕ್ಕಿದ್ದ ನನಗೆ ಹೆಮ್ಮೆಯಾಗುತ್ತದೆ. ಆದರೆ ಐದು ದಿನಗಳ ನಂತರ ನಡೆದುದರ ಪ್ರಸ್ತಾಪ ಅಪರೂಪ.

ಡಿಸೆಂಬರ್ 9ರ ರಾತ್ರಿ ದಿಯು ಸಮೀಪದ ಸಮುದ್ರದಲ್ಲಿ ಪಾಕಿಸ್ತಾನದ ಜಲಾಂತರ್ಗಾಮಿ ಹಂಗೋರ್ ಬಿಟ್ಟ ಟಾರ್ಪೆಡೊ ತಗುಲಿ ಐಎನ್‌ಎಸ್ ಖುಕ್ರಿ ಕೆಲವೇ ನಿಮಿಷಗಳಲ್ಲಿ ಮುಳುಗಿತು. 18 ಅಧಿಕಾರಿಗಳೂ 176 ನಾವಿಕರೂ ಪ್ರಾಣ ಕಳೆದುಕೊಂಡರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗು ಬಿಟ್ಟು ಬರಲಿಲ್ಲ. ಸುದ್ದಿ ತಿಳಿದ ಮೇಲೂ ನಮ್ಮ ಪಾಳಿ ಎಂದಿನಂತೆಯೇ ಬದಲಾಯಿತು. ಎಣ್ಣೆಯ ಘಾಟು, ಬಿಸಿ ಕೊಳವೆಗಳ ಸೆಖೆ, ಪಕ್ಕದವನ ಮಾತೂ ಕೇಳಿಸದಷ್ಟು ಸದ್ದು. ನೀರಿನ ಮಟ್ಟಕ್ಕಿಂತ ಕೆಳಗಿರುವವನಿಗೆ ಹೊರಗೇನು ನಡೆಯುತ್ತಿದೆ ಎಂಬುದು ಕಾಣುವುದಿಲ್ಲ, ಮೇಲೆ ಹೋಗಲು ಇರುವುದು ಕಡಿದಾದ ಕಬ್ಬಿಣದ ಏಣಿ ಮಾತ್ರ. ಭಯವಾಗಿತ್ತು ಎನ್ನಲು ನನಗೆ ಸಂಕೋಚವಿಲ್ಲ. ಆ ಭಯದಲ್ಲೇ ಎಲ್ಲರೂ ಮಾಪಕಗಳ ಮೇಲೆ ಕಣ್ಣಿಟ್ಟು ಕೆಲಸ ಮಾಡಿದೆವು.

ದಿಯುವಿನಲ್ಲಿ ಖುಕ್ರಿಯ ಸ್ಮಾರಕವಿದೆ. ನಮ್ಮ ಕಾರವಾರದ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ವಸ್ತುಸಂಗ್ರಹಾಲಯವಾಗಿ ನಿಂತಿದೆ (ಅದು ಸೇವೆಗೆ ಸೇರಿದ್ದು ಆ ಯುದ್ಧದ ನಂತರ). ಶಾಲಾ ಮಕ್ಕಳು ಅದನ್ನು ನೋಡಲು ಬರುತ್ತಾರೆ. ಪ್ರತಿ ಡಿಸೆಂಬರ್ 9ರಂದು ಅಲ್ಲಿ ಆ 194 ಮಂದಿಯ ಸ್ಮರಣೆಗೆ ಸಣ್ಣದೊಂದು ಕಾರ್ಯಕ್ರಮವನ್ನು ಜಿಲ್ಲಾಡಳಿತ ಏರ್ಪಡಿಸಬೇಕು ಮತ್ತು ಹಡಗಿನ ಕೆಳಗಿನ ಕೋಣೆಗಳಲ್ಲಿ ದುಡಿದವರ ಬಗ್ಗೆಯೂ ಮಕ್ಕಳಿಗೆ ತಿಳಿಸಬೇಕು ಎಂದು ಕೋರುತ್ತೇನೆ.

– ನಿವೃತ್ತ ನಾವಿಕ, ಅಂಕೋಲಾ