ಸಂಜುನ ಬಗ್ಗೆ ಅಕ್ಕನಿಗೆ

ಲೀಡ್ಸ್, ಇಂಗ್ಲೆಂಡ್

ಅಕ್ಕಾ,

ನಾವೆಲ್ಲ ಆರಾಮ. ಅವ್ವನ ಮೊಣಕಾಲು ನೋವು ಹೇಗಿದೆ? ಅದಿರಲಿ, ನಿನ್ನ ಪತ್ರ ಓದಿದಾಗಿನಿಂದ ನನಗೆ ಸಂಜುಂದೇ ಚಿಂತೆ.

ಪ್ರಾರ್ಥನೆಗೆ ಮೈಕ್ ಹಚ್ಚಿದರೆ ಕಿವಿ ಮುಚ್ಚಿಕೊಳ್ಳುತ್ತಾನೆ, ಅಂಗಿ ಕಾಲರ್ ಕಡಿದು ಕಡಿದು ಹರಿಯುತ್ತಾನೆ, ಒಂದು ಕಡೆ ಕೂರಲ್ಲ. ಇಷ್ಟಕ್ಕೇ ಶಾಲೆಯ ಅಕ್ಕೋರು ಬಾರಿಸಿದರಾ? ಭಾವ ಹಾಸ್ಟೆಲ್‌ಗೆ ಹಾಕ್ತೀನಿ ಅಂತಾರಾ? ಎರಡನೇ ಕ್ಲಾಸಿನ ಹುಡುಗನನ್ನ! ಅಲ್ಲಿ ಗದ್ದಲ ಇನ್ನೂ ಜಾಸ್ತಿ ಇರುತ್ತೆ ಅಂತ ಅವರಿಗೆ ಹೇಳು.

ಅವನಿಗೆ ಹುಚ್ಚು ಹಿಡಿದಿಲ್ಲ, ನೀನು ಮೊದಲು ಅಳೋದು ನಿಲ್ಲಿಸು. ನಾನು ಕೆಲಸ ಮಾಡೋ ಪ್ರೈಮರಿ ಶಾಲೆಯಲ್ಲಿ ಇಂಥ ಮಕ್ಕಳನ್ನು ದಿನಾ ನೋಡ್ತೀನಿ. ನಮ್ಮ ಕಿವಿಗೆ ಬಿದ್ದು ಮರೆತೇ ಹೋಗುವ ಸದ್ದು ಕೆಲವರಿಗೆ ತಡೆಯಲಾಗದಷ್ಟು ಜೋರು, ಅಂಗಿಯ ಲೇಬಲ್ಲೂ ಮುಳ್ಳು. ಕೆಲವರಿಗೆ ಉಲ್ಟಾ. ಮೈಗೆ ಸಾಕಷ್ಟು ಒತ್ತು, ಅಲುಗಾಟ ಸಿಗದಿದ್ದರೆ ಸಮಾಧಾನವೇ ಇಲ್ಲ, ಅದಕ್ಕೇ ಕುಣಿಯುತ್ತಾರೆ, ಕಡಿಯುತ್ತಾರೆ. ಒಂದೇ ಮಗುವಿಗೆ ಎರಡೂ ಇರಬಹುದು. ಅಮೆರಿಕದ ಜೀನ್ ಏರ್ಸ್ ಅನ್ನೋ ಥೆರಪಿಸ್ಟ್ 1970ರ ದಶಕದಲ್ಲೇ ಇದನ್ನೆಲ್ಲ ಬರೆದಿಟ್ಟಿದ್ದಾರೆ.

ಇಲ್ಲಿ ಒಬ್ಬ ಹುಡುಗಿ ದಿನವಿಡೀ ಒಂದಕ್ಕೆ ಹೋಗದೆ ತಡೆದುಕೊಳ್ಳುತ್ತಿದ್ದಳು. ಹೊಟ್ಟೆನೋವಿರಬೇಕು ಅಂದ್ಕೊಂಡಿದ್ವಿ. ನೋಡಿದರೆ ಟಾಯ್ಲೆಟ್‌ನಲ್ಲಿ ಕೈ ಒಣಗಿಸುವ ಮಷಿನ್ ಗೊರ್ರ್ ಅನ್ನುತ್ತಲ್ಲ, ಅದರ ಹೆದರಿಕೆ. ಮಷಿನ್ ಬಂದ್ ಮಾಡಿ ಪೇಪರ್ ಇಟ್ಟರು, ಈಗ ಅವಳೇ ಹೋಗಿ ಬರುತ್ತಾಳೆ.

ನಗಬೇಡ, ಇಲ್ಲಿ ಪಾಠದ ನಡುವೆ ಮಕ್ಕಳ ಕೈಲಿ ಗೋಡೆ ತಳ್ಳಿಸುತ್ತಾರೆ! ಕಡಿಯೋಕೆ ಅಂತಲೇ ಕೊರಳಿಗೆ ರಬ್ಬರ್ ಸರ ಹಾಕುತ್ತಾರೆ. ಗದ್ದಲ ತಡೆಯೋಕೆ ವಿಮಾನ ನಿಲ್ದಾಣದ ಕೆಲಸಗಾರರ ಥರ ಕಿವಿಗೆ ದೊಡ್ಡ ಮುಚ್ಚಳ. ಭಾವ ನೋಡಿದರೆ ಇದೇನು ಶಾಲೆನೋ ಸರ್ಕಸ್ಸೋ ಅಂತಾರೆ. ಅನ್ನಲಿ, ಮಕ್ಕಳು ಪಾಠ ಕೇಳ್ತಾರಲ್ಲ.

ಅದೆಲ್ಲ ಗದಗಿನಲ್ಲಿ ಬೇಕಿಲ್ಲ. ಅಕ್ಕೋರ ಹತ್ತಿರ ಜಗಳ ಆಡದೆ ಕೇಳು: ಮೈಕಿನಿಂದ ದೂರ ನಿಲ್ಲಿಸಲಿ, ಬಾಗಿಲ ಹತ್ತಿರ ಕೂರಿಸೋದು ಬೇಡ, ಗಂಟೆ ಹೊಡೆಯೋ ಮುಂಚೆ ಅವನಿಗೊಂದು ಮಾತು ಹೇಳಲಿ. ಎಲ್ಲರ ನೋಟ್‌ಬುಕ್ ಹೊತ್ತು ತರೋ ಕೆಲಸ ಕೊಡಲಿ, ಭಾರ ಎತ್ತಿದರೆ ಇಂಥ ಎಷ್ಟೋ ಮಕ್ಕಳು ಸ್ವಲ್ಪ ಹೊತ್ತು ತಣ್ಣಗೆ ಕೂರುತ್ತಾರೆ. ಮತ್ತೆ ಕೈ ಎತ್ತಿದರೆ ಮಾತ್ರ ಸುಮ್ನೆ ಇರಬೇಡ, 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಮಕ್ಕಳನ್ನ ಹೊಡೆಯೋ ಹಾಗೇ ಇಲ್ಲ. ಮನೆಯಲ್ಲಿ ಚಪಾತಿ ಹಿಟ್ಟು ನಾದಲು ಕೊಡು. ಅಂಗಿಯ ಲೇಬಲ್ ಕತ್ತರಿಸು. ರಿಸೆಸ್‌ಗೆ ಗಜ್ಜರಿ, ಒಣ ಕೊಬ್ಬರಿ ಕಟ್ಟು, ಕಡಿಯಲಿ.

ಅವ್ವ ದೃಷ್ಟಿ ತೆಗೆಯೋದಾದರೆ ತೆಗೆಯಲಿ, ಖರ್ಚೇನಿಲ್ಲ. ಮೆಣಸಿನಕಾಯಿ ಘಾಟು ಮಾತ್ರ ಅವನ ಮುಖಕ್ಕೆ ಹಿಡಿಯಬೇಡಿ.

ಆದರೆ ಮೊದಲು ಕಿವಿ ತೋರಿಸು. ಆಮೇಲೆ ಧಾರವಾಡದ ಡಿಮ್ಹಾನ್ಸ್‌ಗೆ ಹೋಗಿ ಬಾ. ಮಾನಸಿಕ ಆಸ್ಪತ್ರೆ ಅಂತ ಭಾವ ಮುಖ ಸಿಂಡರಿಸಬಹುದು. ಮಕ್ಕಳ ನಡವಳಿಕೆ ನೋಡೋ ಡಾಕ್ಟರ್ ಬೇಕು, ಊರವರ ಮಾತು ಕಟ್ಟಿಕೊಂಡು ಏನಾಗಬೇಕು? ಆಕ್ಯುಪೇಷನಲ್ ಥೆರಪಿ, ಅಂದರೆ ಆಟ, ದಿನನಿತ್ಯದ ಕೆಲಸ ಮಾಡಿಸುತ್ತಾ ಇಂಥ ಮಕ್ಕಳಿಗೆ ಕೊಡೋ ಚಿಕಿತ್ಸೆ, ಎಲ್ಲಿ ಸಿಗುತ್ತೆ ಅಂತಲೂ ಅಲ್ಲೇ ಕೇಳು. ದುಡ್ಡಿನ ಚಿಂತೆ ಬೇಡ, ಪಗಾರ ಬಂದ ಕೂಡಲೇ ಕಳಿಸ್ತೀನಿ. ಏನೂ ಆಗಲ್ಲ ಅಕ್ಕಾ, ಖಂಡಿತ ಏನೂ ಆಗಲ್ಲ, ಅವನು ಚುರುಕು ಹುಡುಗ.

ಡ್ಯೂಟಿಗೆ ಹೊತ್ತಾಯಿತು. ಧಾರವಾಡಕ್ಕೆ ಯಾವತ್ತು ಹೋಗ್ತೀರಿ ತಿಳಿಸು, ಭಾವನ ಹತ್ತಿರ ನಾನೇ ಫೋನಲ್ಲಿ ಮಾತಾಡ್ತೀನಿ.

ನಿನ್ನ ತಂಗಿ
ಗೀತಾ